ಬಸವನಹುಳು ಕೂತ ಎಲೆ

ಜೂನ್ 9

ಮಳೆ ಹಿಡಿದುಕೊಂಡಿದೆ. ಮಳೆ ಹಿಡಿಯಿತೆಂದರೆ ನಮ್ಮ ಶೇಡ್ ನೆಟ್ಟಿನೊಳಗೆ ಬಸವನಹುಳುಗಳ ಸಂತೆ. ಬೆಳಿಗ್ಗೆ ಪರದೆ ಸರಿಸಿದರೆ ಹೋಟೆಲಿನ ಸಲಾಡಿಗೆ ಹೋಗುವ ಲೆಟ್ಯೂಸ್ ಸೊಪ್ಪಿನ ಮಡಿಗಳ ಅಂಚಿನಲ್ಲಿ, ನೀರಿನ ಪೈಪಿನ ಮೇಲೆ, ಕ್ರೇಟುಗಳ ಕೆಳಗೆ, ಎಲ್ಲೆಂದರಲ್ಲಿ ಅವೇ. ಮುಷ್ಟಿಗಾತ್ರದವು ಹೇಗೋ ಕಣ್ಣಿಗೆ ಬೀಳುತ್ತವೆ, ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬಹುದು. ಮೆಣಸಿನಕಾಳಿನಷ್ಟಿರುವ ಮರಿಗಳದೇ ಕಾಟ. ಎಲೆಯ ಸುಕ್ಕಿನಲ್ಲಿ ಕೂತುಬಿಟ್ಟರೆ ಬ್ರಹ್ಮನೂ ಹುಡುಕಲಾರ.

ಡ್ರಿಪ್ ಪೈಪಿನ ಒಂದು ಸಾಲು ಕಟ್ಟಿಕೊಂಡಿತ್ತು. ಅದಕ್ಕೆ ನನ್ನದು ಒಂದೇ ಮದ್ದು. ತುದಿ ಬಿಚ್ಚಿ ಬಾಯಿಗಿಟ್ಟು ಜೋರಾಗಿ ಎಳೆದು ಉಗಿಯುವುದು. ಊದಿದರೆ ಕಸ ಇನ್ನೂ ಒಳಗೆ ಹೋಗುತ್ತದೆ, ಎಳೆದರೆ ಮಾತ್ರ ಹೊರಗೆ ಬರುತ್ತದೆ ಎಂದು ಅಪ್ಪ ಕಲಿಸಿದ್ದ. ಬಾಯಿತುಂಬ ಪಾಚಿ, ಮರಳು, ಏನೇನೋ. ಉಗಿದು ಮುಂದಿನ ಕೆಲಸಕ್ಕೆ ಹೋದೆ.

ಐದನೇ ಮಡಿ ಕೊಯ್ಲಿಗೆ ಬಂದಿತ್ತು. ಕೊಯ್ಯುವ ಮೊದಲು ನನ್ನ ಹೆಂಡತಿ ನಡುವಿನ ಗಿಡದ ಒಂದು ಎಲೆ ಕಿತ್ತು ಕಚ್ಚಿ ನೋಡುತ್ತಾಳೆ. ಕಹಿ ಇದ್ದರೆ ಆ ಮಡಿ ಹೋಟೆಲಿಗೆ ಹೋಗುವುದಿಲ್ಲ. ತೊಳೆದು ಕಚ್ಚು ಎಂದರೆ, ತೊಳೆದ ಎಲೆ ಎಲ್ಲ ಒಂದೇ ರುಚಿ ಎನ್ನುತ್ತಾಳೆ. ಇವಳ ನಾಲಿಗೆ ಸುಳ್ಳು ಹೇಳಿದ್ದಿಲ್ಲ, ಹೋಟೆಲಿನ ಅಡುಗೆಯವರಿಗೂ ಅದು ಗೊತ್ತು. ಇವತ್ತು ಕಚ್ಚಿದವಳು ಮುಖ ಸಿಂಡರಿಸಿ ಥೂ ಎಂದು ಉಗಿದಳು. ಕೈಯಲ್ಲಿ ಉಳಿದ ಅರ್ಧ ಎಲೆಯ ಮೇಲೆ ಅರ್ಧ ಬಸವನಹುಳು ಇತ್ತು. ಇನ್ನರ್ಧ ಎಲ್ಲಿ ಎಂದು ನಾನು ಕಿಚಾಯಿಸಿದೆ. ಇವಳು ತುಟಿ ಒರೆಸಿಕೊಂಡು, ‘ಕಹಿ ಇಲ್ಲ, ಕೊಯ್ಯಿರಿ’ ಎಂದಳು.

ನಾವು ನಕ್ಕಿದ್ದೇ ನಕ್ಕಿದ್ದು.

ಜೂನ್ 12

ಭಾವಮೈದುನ ಬಂದಿದ್ದ. ಇವಳ ಒಬ್ಬನೇ ತಮ್ಮ. ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಬೆಳೆಗೆ ಬೀಳುವ ಹುಳುಹುಪ್ಪಟೆ ಪರೀಕ್ಷೆ ಮಾಡುವ ಕೆಲಸ ಅವನದು. ಊಟಕ್ಕೆ ಕೂತರೂ ತಟ್ಟೆಯಲ್ಲಿ ಮೊದಲು ಹುಳು ಹುಡುಕುವವನು. ಬಂದವನೇ ನಾನು ಬರಿಗೈಯಲ್ಲಿ ಬಸವನಹುಳು ಆರಿಸುವುದನ್ನು ಕಂಡು ಗದರಿದ. ಇವಳು ಟೀ ತಂದುಕೊಟ್ಟು, ನಿನ್ನ ಭಾವ ಮುಟ್ಟಿದ್ದಕ್ಕೇ ಹೀಗಂತೀಯ, ನಾನು ತಿಂದೇಬಿಟ್ಟೆ ಎಂದು ಆ ಅರ್ಧ ಹುಳುವಿನ ಕಥೆ ಹೇಳಿ ನಕ್ಕಳು.

ಅವನು ನಗಲಿಲ್ಲ. ಲೋಟ ಕೆಳಗಿಟ್ಟ.

ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಇವಳ ಹತ್ತಿರ ಇನ್ನೊಮ್ಮೆ ಮಾತೆತ್ತಿದರೆ ಬೈಯುತ್ತಾಳೆ. ಇಲಿಗಳ ಮೈಯಲ್ಲಿ ಒಂದು ಜಾತಿಯ ಹುಳು ಇರುತ್ತದಂತೆ, ದಾರದ ಹಾಗೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಗೆ ಬರುತ್ತವೆ. ಬಸವನಹುಳು ಆ ಹಿಕ್ಕೆ ತಿನ್ನುತ್ತದೆ. ಮರಿಗಳು ಅದರ ಮೈಯೊಳಗೆ ಒಂದಿಷ್ಟು ದಿನ ಬಾಡಿಗೆಗೆ ಇದ್ದು ಬೆಳೆಯುತ್ತವೆ. ಆ ಬಸವನಹುಳುವನ್ನು ಇನ್ನೊಂದು ಇಲಿ ತಿಂದರೆ ಅವು ತಮ್ಮ ಮನೆ ಸೇರಿದಂತೆ. ಮನುಷ್ಯ ತಿಂದರೆ ಅವಕ್ಕೆ ದಾರಿ ತಪ್ಪುತ್ತದೆ. ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಅವನು ಬಾಯಲ್ಲಿ ಹೇಳಲಿಲ್ಲ, ಬೆರಳಿಂದ ತಲೆ ಮುಟ್ಟಿಕೊಂಡ.

ನಮ್ಮ ಸಸಿ ಟ್ರೇ ಇಡುವ ಕೋಣೆಯ ತುಂಬ ಇಲಿಗಳೇ.

‘ಎಲ್ಲದ್ರಲ್ಲೂ ಇರಲ್ಲ ಭಾವ. ನಾಲ್ಕು ಹಿಡ್ಕೊಂಡು ಹೋಗಿ ನೋಡ್ತೀನಿ. ಅಲ್ಲಿತನಕ ನೀವು ತಲೆ ಕೆಡಿಸ್ಕೋಬೇಡಿ’ ಎಂದು ಡಬ್ಬಿಯಲ್ಲಿ ತುಂಬಿಕೊಂಡು ಹೋದ. ತಲೆಯ ವಿಷಯ ಹೇಳಿ ತಲೆ ಕೆಡಿಸಿಕೊಳ್ಳಬೇಡಿ ಅಂದರೆ ಹೇಗೆ? ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು. ನಾನು ಮೊದಲೇ ಪುಕ್ಕಲ. ಇಲಿ ಅಂದರೆ ಹುಲಿ ಅನ್ನುವವನು ಎಂದು ಇವಳು ಮದುವೆಯಾದಾಗಿನಿಂದ ಹೇಳುತ್ತಾಳೆ. ಇವತ್ತು ನಿಜವಾಗಿಯೂ ಇಲಿಯೇ ಹುಲಿಯಾಗಿ ಬಂದಿದೆ.

ಜೂನ್ 15

ಭಾವಮೈದುನನ ಫೋನು ಬಂತು. ಇದೆಯಂತೆ. ಅವನು ಕೊಂಡೊಯ್ದ ನಾಲ್ಕರಲ್ಲಿ ಮೂರರೊಳಗೆ ಇದೆಯಂತೆ. ಮೈಕ್ರೋಸ್ಕೋಪಿನ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದವಂತೆ.

ಅವನು ಕೇಳಿದ್ದು ಒಂದೇ, ಅಕ್ಕ ಉಗಿದಳೋ ನುಂಗಿದಳೋ ಎಂದು. ಉಗಿದಳು ಎಂದೆ. ಆದರೆ ಎಲೆಯ ಮೇಲೆ ಉಳಿದದ್ದು ಅರ್ಧ. ಉಗಿದದ್ದರಲ್ಲಿ ಇನ್ನರ್ಧ ಇತ್ತೇ? ನಾನು ನಗುತ್ತಾ ನಿಂತಿದ್ದೆ, ನೋಡಲಿಲ್ಲ. ಫೋನಿಟ್ಟವನೇ ಐದನೇ ಮಡಿಯ ಹತ್ತಿರ ಹೋಗಿ ಕೆಸರಿನಲ್ಲಿ ಮೊಣಕಾಲೂರಿ ಆ ಅರ್ಧ ಹುಳುವನ್ನು ಹುಡುಕಿದೆ. ಇಷ್ಟು ಮಳೆ ಬಿದ್ದ ಮೇಲೆ ಅದು ಸಿಗುವುದಿಲ್ಲ ಎಂದು ಗೊತ್ತಿದ್ದೂ ಹುಡುಕಿದೆ. ಇವಳು ಬಂದು ನೋಡಿ, ಏನು ಕಳ್ಕೊಂಡ್ರಿ ಎಂದು ಕೇಳಿದಳು. ಹೇಳಬೇಕಾಯಿತು.

ಕೇಳಿದವಳೇ ಒಳಗೆ ಹೋಗಿ ಹೋಟೆಲಿಗೆ ಫೋನು ಮಾಡಿದಳು. ನಮ್ಮ ಸೊಪ್ಪಿನಲ್ಲಿ ಹೀಗೀಗಿದೆ, ಫ್ರಿಜ್ಜಿನಲ್ಲಿ ಉಳಿದಿದ್ದರೆ ಬಿಸಾಕಿ, ನಾವಾಗಿ ಹೇಳುವವರೆಗೆ ಲೆಟ್ಯೂಸ್ ಕಳಿಸುವುದಿಲ್ಲ ಎಂದಳು. ಅಡುಗೆಯವರು ಏನು ಅಂದರೋ, ಇವಳು ಮಾತ್ರ ಸುತ್ತಿಬಳಸಲಿಲ್ಲ. ನಾನಾಗಿದ್ದರೆ ಆ ಫೋನು ಮಾಡಲು ಸಂಜೆತನಕ ಅಂಗಳ ಸುತ್ತುತ್ತಿದ್ದೆ.

ಮಧ್ಯಾಹ್ನ ಇವಳನ್ನು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಡಾಕ್ಟರು ಇಂಥ ಕಾಯಿಲೆ ಓದಿದ್ದಾರಂತೆ, ಕಂಡಿಲ್ಲವಂತೆ. ದೊಡ್ಡಾಸ್ಪತ್ರೆಗೆ ಫೋನು ಮಾಡಿ ವಿಚಾರಿಸಿ ಹೇಳಿದರು. ಈಗ ರಕ್ತ ನೋಡಿದರೂ ಏನೂ ಸಿಗುವುದಿಲ್ಲ, ಒಂದೆರಡು ವಾರ, ಹೆಚ್ಚೆಂದರೆ ಮೂರು ವಾರ ಕಾಯಬೇಕು, ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ಓಡಿ ಬನ್ನಿ ಎಂದರು. ಕುತ್ತಿಗೆ ಬಿಗಿದಿದೆಯೋ ಇಲ್ಲವೋ ಹೇಗೆ ತಿಳಿಯುವುದು ಎಂದು ಕೇಳಿದೆ. ‘ಗದ್ದ ಬಗ್ಗಿಸಿ ಎದೆಗೆ ಮುಟ್ಟಿಸೋಕೆ ಹೇಳಿ. ಮುಟ್ಟಿದ್ರೆ ಸರಿ’ ಎಂದರು.

ಇವಳು ಅಲ್ಲೇ ಮುಟ್ಟಿಸಿ ತೋರಿಸಿದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ 17

ಬೆಳಿಗ್ಗೆ ಎದ್ದ ಕೂಡಲೇ ಇವಳ ಗದ್ದ ಎದೆಗೆ ಮುಟ್ಟಿಸಿ ನೋಡುವುದು. ಮುಟ್ಟುತ್ತದೆ. ಊಟಕ್ಕೆ ಮೊದಲು ಇನ್ನೊಮ್ಮೆ. ಮುಟ್ಟುತ್ತದೆ. ಇವಳು ಹಲ್ಲುಜ್ಜುತ್ತಿದ್ದರೂ ಬಿಡುವುದಿಲ್ಲ ನಾನು.

ಭಾವಮೈದುನ ದಿನಾ ಫೋನು ಮಾಡುತ್ತಾನೆ. ನೀವೂ ಹುಷಾರಾಗಿರಿ ಭಾವ ಎಂದ. ನಾನೆಲ್ಲಿ ಎಲೆ ಕಚ್ಚಿದ್ದೇನೆ? ನನ್ನ ಪಾಲಿಗೆ ಬೆಂದ ಸೊಪ್ಪೇ ಸೊಪ್ಪು. ಹಸಿ ಎಲೆ ಮೇಯುವುದು ಇವಳ ಇಲಾಖೆ ಎಂದೆ.

ಜೂನ್ 20

ಬದುಕುವ ರೀತಿಯನ್ನೇ ಬದಲಾಯಿಸಿದ್ದೇನೆ. ಮನೆಗೆ ಬರುವ ತರಕಾರಿ ಎಲ್ಲ ಕುದಿಯುತ್ತದೆ. ಚಮಚ, ಲೋಟ, ಚಾಕು ಎಲ್ಲ ಕುದಿಯುತ್ತವೆ. ಬಾಳೆಹಣ್ಣನ್ನು ಬಿಸಿನೀರಿನಲ್ಲಿ ಅದ್ದಿದ್ದಕ್ಕೆ ಇವಳು ಕೈಮುಗಿದು, ‘ನಾಳೆ ನನ್ನನ್ನೂ ಹಂಡೆಗೆ ಹಾಕಿ ಕುದಿಸಿಬಿಡಿ, ನಿಮಗೆ ಸಮಾಧಾನ ಆಗ್ಲಿ’ ಎಂದಳು.

ಇವಳನ್ನು ತೋಟಕ್ಕೆ ಬಿಡುತ್ತಿಲ್ಲ. ಮಡಿಗಳ ಕೆಲಸ ನಾನೊಬ್ಬನೇ ಮಾಡುತ್ತಿದ್ದೇನೆ, ಮೊಣಕೈವರೆಗೆ ಗ್ಲೌಸು ಹಾಕಿಕೊಂಡು. ಬಸವನಹುಳುಗಳನ್ನು ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿಗೇ ಹಾಕುತ್ತೇನೆ. ಕೋಣೆಗೆ ಇಲಿಬೋನು ಇಟ್ಟಿದ್ದೇನೆ. ಮಧ್ಯಾಹ್ನ ಮತ್ತೆ ಪೈಪು ಕಟ್ಟಿತು. ಗ್ಲೌಸು ಕಳಚದೆಯೇ ತುದಿ ಬಿಚ್ಚಿ ಬಾಯಿಗಿಟ್ಟು ಎಳೆದು ಉಗಿದೆ, ನೀರು ಬಂತು. ಅಷ್ಟು ಎಚ್ಚರಿಕೆಯಿಂದ ಇದ್ದೇನೆ.

ತಲೆ ಸ್ವಲ್ಪ ಭಾರ. ನಿದ್ದೆ ಸಾಲದು. ಕನ್ನಡಕದ ನಂಬರು ಬೇರೆ ಬದಲಾಗಿರಬೇಕು.

ಜೂನ್ 22

ಇವಳು ಸೀನಿದಳು. ಜೀವ ಬಾಯಿಗೆ ಬಂತು. ಸೀನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಭಾವಮೈದುನ ಹತ್ತು ಸಲ ಹೇಳಿದ. ಸಂಬಂಧವಿಲ್ಲದ್ದೂ ಒಟ್ಟಿಗೆ ಬರಬಹುದಲ್ಲ?

ಮಧ್ಯಾಹ್ನ ಮಲಗಿದ್ದವಳ ಪಕ್ಕ ಕೂತು ಉಸಿರು ನೋಡಿದೆ. ಇವಳ ಹಣೆಯ ಒಳಗೆ, ಆ ಹಣೆಯ ಮೂಳೆಯ ಹಿಂದೆ, ಏನೋ ದಾರದಂಥದ್ದು ದಾರಿ ಹುಡುಕುತ್ತಾ ಹರಿದಾಡುತ್ತಿರಬಹುದು ಅನ್ನಿಸಿತು. ಅದಕ್ಕೂ ಪಾಪ ಗೊತ್ತಿಲ್ಲ, ಇದು ಇಲಿಯಲ್ಲ ಎಂದು. ಬಂದ ದಾರಿಯಲ್ಲಿ ತಿರುಗಿ ಹೋಗಲೂ ಅದಕ್ಕೆ ಬರುವುದಿಲ್ಲ. ಅಲ್ಲೇ ಸಾಯುತ್ತದೆ. ಸತ್ತ ಮೇಲೆ ಇನ್ನೂ ಕಷ್ಟ, ಅದರ ಸುತ್ತ ಮಿದುಳು ಊದಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮನೆಯಲ್ಲಿ ನಾವಿಬ್ಬರೇ. ಇವಳಿಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ನನಗೆ ಭಯವಾಗುತ್ತಿದೆ. ಅಷ್ಟೇ ಇವತ್ತಿನ ದಿನಚರಿ.

ಜೂನ್ 24

ಬಟ್ಟೆ ಸೋಪು ಬದಲಾಯಿಸಬೇಕು. ಅಂಗಿ ತಾಗಿದರೆ ಬೆನ್ನು, ತೋಳು ಎಲ್ಲ ಚುರುಗುಟ್ಟುತ್ತದೆ. ಹತ್ತಿ ಅಂಗಿಯೂ ಗೋಣಿಚೀಲದ ಹಾಗೆ. ಇವಳನ್ನು ಕೇಳಿದೆ. ಹೌದು, ಹೊಸ ಸೋಪು ಖಾರವಿರಬೇಕು, ತನಗೂ ಕೈ ಉರಿಯುತ್ತದೆ ಎಂದಳು. ಹಳೆಯ ಸೋಪನ್ನೇ ತಂದೆ.

ಗದ್ದ ಎರಡು ಸಲವೂ ಮುಟ್ಟಿತು. ಇವಳ ಕಣ್ಣು ಬೆಳಕಿಗೆ ಸರಿಯಾಗಿ ಕಿರಿದಾಗುತ್ತದೆಯೇ ಎಂದು ಟಾರ್ಚು ಬಿಟ್ಟು ನೋಡಿದೆ. ಆ ಬೆಳಕು ಗೋಡೆಗೆ ಬಿದ್ದು ನನ್ನ ಕಣ್ಣಿಗೆ ಚುಚ್ಚಿತು. ಇವಳು ಟಾರ್ಚು ಕಿತ್ತುಕೊಂಡು ಬೀರುವಿನಲ್ಲಿಟ್ಟಳು.

ಜೂನ್ 26

ಜಗಳವಾಯಿತು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿರುತ್ತೇನಂತೆ, ಮಾತಿಲ್ಲ, ಕತೆಯಿಲ್ಲ, ಬರೀ ನೋಡುವುದಂತೆ. ‘ಹುಳ ನನ್ನ ತಲೇಲಿ ಇದ್ಯೋ ಇಲ್ವೋ ಗೊತ್ತಿಲ್ಲ, ನಿಮ್ಮ ತಲೇಲಂತೂ ಹೊಕ್ಕಿದೆ’ ಎಂದಳು. ನಾನು ಬಾಯಿ ಜೋರು ಮಾಡಿದೆ. ನಿನ್ನ ಚಿಂತೆಯಲ್ಲಿ ನಾನು ಬೇಯುತ್ತಿದ್ದರೆ ನಿನಗೆ ತಮಾಷೆ ಎಂದೆ. ಇವಳು ಎದ್ದು ತಟ್ಟೆಗೆ ಬಡಿಸಿ ನನ್ನ ಮುಂದಿಟ್ಟಳು. ಮಾತಿಗೆ ಮಾತು ಕೊಡದೆ ಬಡಿಸಿದರೆ ಅದು ದೊಡ್ಡ ಕೋಪ.

ಊಟ ಸೇರಲಿಲ್ಲ. ಕೋಪದಲ್ಲಿ ಉಂಡರೆ ಹೀಗೇ, ಎಲ್ಲ ವಾಂತಿಯಾಯಿತು.

ಜೂನ್ 27

ಕಿಟಕಿಗೆ ಹಳೇ ಚಾದರ ಕಟ್ಟಿದೆ. ಇವಳ ಕಣ್ಣಿಗೆ ಒಳ್ಳೆಯದು. ತೋಟಕ್ಕೆ ಹೋಗಲಿಲ್ಲ. ದಿಂಬು ಸರಿಯಿಲ್ಲ, ಯಾವ ಕಡೆ ಇಟ್ಟರೂ ತಲೆ ಕೂರುವುದಿಲ್ಲ.

ಗದ್ದ ಮುಟ್ಟಿತು.

ಜೂನ್ 28

ಮುಟ್ಟಿತು. ಅಕ್ಷರಗಳು ಕುಣಿಯುತ್ತಿವೆ. ಸಾಕು.

ಜುಲೈ 1

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವಳು ಈ ಪುಸ್ತಕ, ಪೆನ್ನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಂದಿದ್ದಾಳೆ. ಓದಿಲ್ಲವಂತೆ. ಓದಿದ್ದರೂ ನಾನೇನು ಮಾಡಲಿ.

ಮೊನ್ನೆ ಬೆಳಿಗ್ಗೆ ಎಂದಿನಂತೆ ಇವಳ ಎದುರು ಕೂತು ಗದ್ದ ಬಗ್ಗಿಸು ಎಂದೆ. ಇವಳು ಬಗ್ಗಿಸಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಬಾಗಿಲ ಕಡೆ ನೋಡಿ ಎಂದಳು. ನೋಡಿದೆ. ‘ತಲೆ ತಿರುಗಿಸಿ ಅಂದೆ ರೀ. ನೀವು ಮೈಯೆಲ್ಲ ತಿರುಗಿಸ್ತಿದ್ದೀರ’ ಎಂದಳು. ನಾನು ದಿಂಬಿನ ಕಾರಣ ಹೇಳಿದೆ. ಆಗ ನನ್ನ ಮುಂದೆ ಮೊಣಕಾಲೂರಿ ಕೂತು ಮಗುವಿಗೆ ಹೇಳುವಂತೆ, ‘ಎಲ್ಲಿ, ನೀವೊಂದ್ಸಲ ಮುಟ್ಟಿಸಿ ತೋರಿಸಿ’ ಎಂದಳು.

ಬಗ್ಗಿಸಲು ಹೋದೆ. ಬಗ್ಗಲಿಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ಯಾರೋ ಕಬ್ಬಿಣದ ಸಲಾಕೆ ಇಳಿಸಿದ ಹಾಗಿತ್ತು. ಇನ್ನೂ ಬಗ್ಗಿಸಿದರೆ ತಲೆ ಸಿಡಿಯುತ್ತದೆ ಅನ್ನಿಸಿತು. ನಾನು ಇಷ್ಟು ದಿನ ಕಾಯುತ್ತಿದ್ದ ಗುರುತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು, ವಾಂತಿ, ಬೆಳಕು, ಅಂಗಿ, ದಿಂಬು. ಇವಳಲ್ಲಿ ಹುಡುಕುತ್ತಿದ್ದದ್ದೆಲ್ಲ ನನ್ನಲ್ಲಿತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಆಮೇಲಿನದು ಸರಿಯಾಗಿ ನೆನಪಿಲ್ಲ. ಆಟೋದ ಪ್ರತಿ ಗುಂಡಿಗೂ ಕೂಗಿದ್ದೇನಂತೆ.

ಇಲ್ಲಿ ಡಾಕ್ಟರಮ್ಮ ಒಬ್ಬರಿದ್ದಾರೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ನೀರು ಚಿಮ್ಮಿತಂತೆ, ತಲೆಯೊಳಗೆ ಅಷ್ಟು ಒತ್ತಡವಿತ್ತು. ತೆಗೆದ ಸ್ವಲ್ಪ ಹೊತ್ತಿಗೆ ಯಾರೋ ತಲೆಯ ಮೇಲಿಂದ ಮೂಟೆ ಇಳಿಸಿದಂತಾಯಿತು. ಅದಕ್ಕೇ ಇವತ್ತು ಬರೆಯಲು ಆಗುತ್ತಿದೆ. ಏನಾದರೂ ಹಸಿ ತಿಂದಿರಾ ಎಂದು ಕೇಳಿದರು. ಇಲ್ಲ ಎಂದೆ. ಇವಳು ಪಕ್ಕದಿಂದ ಪೈಪಿನ ವಿಷಯ ಹೇಳಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಪೈಪಿನ ತೂತಿನಲ್ಲಿ ಮರಿ ಬಸವನಹುಳುಗಳೇ ಸಿಕ್ಕಿಕೊಂಡಿರುತ್ತವೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಸಲ ಉಗಿದು ಕಣ್ಣಾರೆ ಕಂಡಿದ್ದೇನೆ. ಅದು ತಿನ್ನುವುದಲ್ಲ, ಕೆಲಸ ಎಂದುಕೊಂಡಿದ್ದೆ.

ಊತ ಇಳಿಯಲು ಔಷಧಿ ಕೊಡುತ್ತಿದ್ದಾರೆ. ಹುಳುಗಳು ತಾವಾಗಿ ಸಾಯಬೇಕು, ನಾವು ಕಾಯಬೇಕು. ಹೆಚ್ಚಿನವರು ವಾಸಿಯಾಗಿ ಮನೆಗೆ ಹೋಗುತ್ತಾರೆ ಎಂದು ಡಾಕ್ಟರಮ್ಮ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಹೆಚ್ಚಿನವರು ಅಂದರೆ ಉಳಿದವರೂ ಇದ್ದಾರೆ ಎಂದಾಯಿತು. ಇವಳು ನನ್ನ ಕಾಲು ಮುಚ್ಚಿ, ‘ಕೇಳಿದ್ರಲ್ಲ? ಸುಮ್ನೆ ಮಲಗಿ’ ಎಂದಳು. ನಾನು ಭಯಪಟ್ಟದ್ದು ಸುಳ್ಳಾಗಲಿಲ್ಲ, ವಿಳಾಸ ಮಾತ್ರ ತಪ್ಪಿತ್ತು. ಇವಳಿಗೆ ಏನೂ ಇಲ್ಲವಲ್ಲ, ಅಷ್ಟು ಸಾಕು ಎಂದುಕೊಂಡೆ. ಮೂರು ವಾರದಲ್ಲಿ ಮೊದಲ ಬಾರಿಗೆ ನಿರಾಳವಾಗಿ ನಿದ್ದೆ ಮಾಡಿದೆ.

ಜುಲೈ 3

ಇವತ್ತು ಬೆಳಿಗ್ಗೆ ನರ್ಸು ಹಾಸಿಗೆಯ ಮೇಲುಹೊದಿಕೆ ಬದಲಾಯಿಸಲು ಬಂದರು. ಇವಳು ಎದ್ದು ಒಂದು ತುದಿ ಹಿಡಿದುಕೊಂಡಳು. ನರ್ಸು ಹೊದಿಕೆಯನ್ನು ಕೊಡವಿದಾಗ ಅದರ ಅಂಚು ಇವಳ ಮುಂಗೈಗೆ ಸವರಿತು. ಅಷ್ಟೇ, ಸವರಿತು. ಇವಳು ಹಲ್ಲು ಕಚ್ಚಿ ಉಸಿರು ಒಳಗೆಳೆದುಕೊಂಡು ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಳು. ನರ್ಸಿಗೆ ಅದು ಕಾಣಲಿಲ್ಲ. ಯಾರಿಗೂ ಕಾಣುತ್ತಿರಲಿಲ್ಲ. ಆ ಉರಿ ಮೈಯಲ್ಲಿ ಹೊತ್ತವನಿಗೆ ಮಾತ್ರ ಕಾಣುವಂಥದ್ದು ಅದು.

ನರ್ಸು ಹೋದ ಮೇಲೆ ಹತ್ತಿರ ಕರೆದೆ. ಬರಲಿಲ್ಲ, ನೀರು ತರುತ್ತೇನೆ ಎಂದು ಹೊರಟಳು. ಬಾ ಎಂದೆ. ಬಂದಳು. ಇವಳ ಮುಂಗೈಯ ಮೇಲೆ ಒಂದೇ ಬೆರಳನ್ನು ಮೆಲ್ಲಗೆ ಇಟ್ಟೆ. ಇವಳ ಕಣ್ಣು ತುಂಬಿತು.

‘ಯಾವಾಗಿಂದ?’

‘ನೀವು ಸೋಪು ಅಂದ್ರಲ್ಲ, ಆಗಿಂದ. ನಾನೂ ಸೋಪೇ ಅಂದ್ಕೊಂಡೆ. ನಿಮ್ಮನ್ನ ಇಲ್ಲಿ ಮಲಗಿಸಿದ ಮೇಲೆ ಗೊತ್ತಾಯ್ತು.’

‘ತಲೆ?’

‘ನಿನ್ನೆಯಿಂದ.’

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಇವಳಿಗೆ ರೇಗಿತು. ‘ಹೇಳಿ ಏನು ಮಾಡ್ಲಿ? ಇಬ್ರೂ ಮಲಗಿದ್ರೆ ನಿಮ್ಮನ್ನ ನೋಡ್ಕೊಳ್ಳೋರ್ಯಾರು? ನನಗೂ ಬಂದಿದೆ ಅಂದ್ರೆ ನೀವು ಅಲ್ಲೇ ಪ್ರಾಣ ಬಿಡ್ತಿದ್ರಿ. ಸ್ವಲ್ಪ ನಿಮಗೆ ಹಗುರ ಆಗ್ಲಿ, ಆಮೇಲೆ ಹೇಳೋಣ ಅಂತ.’ ಹೇಳುತ್ತಾ ಹೇಳುತ್ತಾ ಅತ್ತಳು. ಅತ್ತದ್ದಕ್ಕೆ ತಲೆನೋವು ಜಾಸ್ತಿಯಾಗಿ ಹಾಸಿಗೆಯ ಅಂಚು ಹಿಡಿದು ಕೂತಳು.

ಗದ್ದ ಮುಟ್ಟುವುದೊಂದನ್ನೇ ಹಿಡಿದು ಕೂತಿದ್ದೆ ನಾನು. ನಾನು ನೋಡಿದ್ದು ಕುತ್ತಿಗೆ, ನೋವು ಇದ್ದದ್ದು ಕೈಯಲ್ಲಿ. ನನ್ನ ಭಯದ ಗಲಾಟೆಯಲ್ಲಿ ಇವಳಿಗೆ ನೋವು ಹೇಳಿಕೊಳ್ಳಲು ಜಾಗವೇ ಇರಲಿಲ್ಲ. ಇದನ್ನು ಯೋಚಿಸುತ್ತಾ ಕೂರಲು ಆಗ ಸಮಯವಿರಲಿಲ್ಲ. ಗಂಟೆ ಒತ್ತಿದೆ. ಯಾರೂ ಬರುವುದು ಕಾಣದೆ ಇಳಿದು, ಔಷಧಿಯ ಬಾಟಲಿ ತೂಗುವ ಕಂಬವನ್ನು ಎಳೆದುಕೊಂಡು, ಗೋಡೆ ಹಿಡಿದು ಹೋಗಿ ಡಾಕ್ಟರಮ್ಮನನ್ನು ಕರೆತಂದೆ. ದಾರಿಯಲ್ಲಿ ಟ್ಯೂಬ್‌ಲೈಟುಗಳು ಕಣ್ಣಿಗೆ ಚುಚ್ಚಿದವು.

ಭಾವಮೈದುನನಿಗೆ ಫೋನು ಮಾಡಿ ಸುತ್ತಿಬಳಸದೆ ಹೇಳಿದೆ. ಸಂಜೆಗೆ ಬಂದ. ಮನೆ, ತೋಟ ಅವನು ನೋಡಿಕೊಳ್ಳುತ್ತಾನೆ.

ಜುಲೈ 4

ಇವಳ ಬೆನ್ನಿಗೆ ಸೂಜಿ ಹಾಕಿದರು. ನನ್ನನ್ನು ಹೊರಗೆ ಕಳಿಸಬೇಡಿ ಎಂದು ಕೇಳಿಕೊಂಡೆ. ಡಾಕ್ಟರಮ್ಮ ಯೋಚಿಸಿ ಒಂದು ಸ್ಟೂಲು ಹಾಕಿಸಿದರು. ಇವಳು ಮಗ್ಗುಲಾಗಿ ಮಂಡಿ ಮಡಿಚಿ ನನ್ನ ಕಡೆ ಮುಖ ಮಾಡಿ ಮಲಗಿದಳು. ಹಾವು, ಚೇಳು, ಹೋಟೆಲಿನವರು, ಯಾರಿಗೂ ಹೆದರಿದವಳಲ್ಲ ಇವಳು.

‘ರೀ, ನನಗೆ ಭಯ ಆಗ್ತಿದೆ.’

‘ಗೊತ್ತು. ನನ್ನ ಕೈ ಹಿಡ್ಕೋ.’

‘ನಿಮಗೆ ಉರಿಯತ್ತೆ.’

‘ಹಿಡ್ಕೋ.’

ಹಿಡಿದಳು. ಸೂಜಿ ಹೋಗುವಾಗ ಬಿಗಿಯಾಗಿ ಹಿಡಿದಳು. ಹೊಲದಲ್ಲಿ ದುಡಿದ ಕೈ, ಹಿಡಿತ ಜೋರು. ಕೆಂಡ ಹಿಡಿದ ಹಾಗೆ ಉರಿಯಿತು. ಮುಗಿಯುವವರೆಗೂ ಇವಳಿಗೆ ಏನೇನೋ ಹೇಳುತ್ತಿದ್ದೆ. ಏನು ಹೇಳಿದೆನೋ ಈಗ ನೆನಪಿಲ್ಲ. ಒಂದು ಸಲ ನಕ್ಕಳು.

ಮಧ್ಯಾಹ್ನ ಡಾಕ್ಟರಮ್ಮ ಒಂದು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಇವಳು ಎರಡು ಎಂದಳು.

ನಾನು ಅವರ ಹಿಂದೆ ಹೋಗಿ ಕೇಳಿದೆ. ನನ್ನದಕ್ಕಿಂತ ಇವಳದು ಜೋರಾಗಿದೆಯಂತೆ. ಕಣ್ಣಿನ ನರಕ್ಕೂ ಒತ್ತಡ ತಾಗಿದೆ, ನಾಳೆ ನಾಡಿದ್ದರಲ್ಲಿ ಗೊತ್ತಾಗುತ್ತದೆ ಎಂದರು. ಹೆಚ್ಚಿನವರು ವಾಸಿಯಾಗುತ್ತಾರೆ ಎಂದೂ ಹೇಳಿದರು. ಮೊದಲು ಹೇಳಿದ ಮಾತೇ. ಈ ಸಲ ನನ್ನ ಮುಖ ನೋಡಿ ಹೇಳಲಿಲ್ಲ, ಕೈಯಲ್ಲಿದ್ದ ಕಾಗದ ನೋಡಿ ಹೇಳಿದರು.

ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದೆ.

ಇವಳಿಗೆ ನನ್ನ ಹಾಸಿಗೆಯ ಪಕ್ಕದ ಹಾಸಿಗೆಯನ್ನೇ ಕೊಟ್ಟಿದ್ದಾರೆ. ಕಣ್ಣು ಮುಚ್ಚಿಯೇ, ಡಾಕ್ಟರು ಏನಂದರು ಎಂದು ಕೇಳಿದಳು.

‘ಸರಿಹೋಗತ್ತೆ ಅಂದ್ರು. ನನ್ನ ಹಾಗೇನೇ ಅಂತೆ.’

ಕಣ್ಣು ತೆರೆದು ನನ್ನನ್ನು ನೋಡಿದಳು. ಇವಳಿಗೆ ನಾನು ಇಬ್ಬರಾಗಿ ಕಂಡಿರಬೇಕು. ಬಹಳ ಹೊತ್ತು ನೋಡಿದಳು. ನನ್ನ ಮುಖದಲ್ಲಿ ಒಂದು ಸಣ್ಣ ಸುಳ್ಳೂ ನಿಲ್ಲುವುದಿಲ್ಲ, ಬೆವರಿಬಿಡುತ್ತೇನೆ ಎಂದು ಎಷ್ಟು ಸಲ ನಕ್ಕಿದ್ದಾಳೆ. ನಾನು ಅಲುಗಾಡದೆ ಕೂತಿದ್ದೆ.

ನಂಬಿದಳು. ‘ಹಾಗಾದ್ರೆ ಸ್ವಲ್ಪ ಮಲಗ್ತೀನಿ, ಇಲ್ಲೇ ಇರಿ’ ಎಂದು ನಿದ್ದೆ ಹೋದಳು.

ಇಲ್ಲೇ ಇದ್ದೇನೆ.